ಎರಡೇ ವೈರ್ ಎಂಬ ಸುಳ್ಳು

“ಎರಡೇ ವೈರ್, ಹತ್ತು ನಿಮಿಷದ ಕೆಲಸ. ಪಾಯಿಂಟ್ ಕಿತ್ತು ಬಿಸಾಕಿ. ಆಮೇಲೆ ಆ ಕಡೆ ತಿರುಗಿ ನೋಡೋದೇ ಬೇಡ.” ಮುಂಬೈ ಹೊರವಲಯದ ಕಾಮೋಠೆ, ಕಳಂಬೋಲಿ, ಪನವೇಲ್ ಸುತ್ತಮುತ್ತ ಹಳೆಯ ಪ್ರೀಮಿಯರ್ ಪದ್ಮಿನಿಯನ್ನೋ ಅಂಬಾಸಡರನ್ನೋ ಉಳಿಸಿಕೊಂಡವರಿಗೆಲ್ಲ, ಪಾಯಿಂಟ್ ಎಂಬ ಸ್ವಿಚ್ಚಿನ ಜಾಗಕ್ಕೆ ಬರುವ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಬಗ್ಗೆ ಈ ಮಾತು ಬಾಯಿಪಾಠ. ಗ್ಯಾರೇಜಿನವರು ಹೇಳುತ್ತಾರೆ, ಬಿಡಿಭಾಗದ ಅಂಗಡಿಯವರು ಹೇಳುತ್ತಾರೆ, ಭಾನುವಾರ ಗಾಡಿ ತೊಳೆಯುವ ಹೊತ್ತಿಗೆ ಪಕ್ಕದ ಸೊಸೈಟಿಯಿಂದ ಬಂದು ನಿಂತ ಗೆಳೆಯರೂ ಹೇಳುತ್ತಾರೆ. ಡೊಂಬಿವಲಿ, ಠಾಣೆಗಳಲ್ಲೂ ಇದೇ ಮಾತು. ಮೈಸೂರಿನಲ್ಲಿ ಜಾವಾ, ಯೆಜ್ಡಿ ಬೈಕ್ ಸಾಕಿಕೊಂಡವರ ನಡುವೆಯೂ ಸಿಡಿಐ ಎಂಬ ಅಂಥದೇ ಕಿಟ್‌ನ ಬಗ್ಗೆ ಇದೇ ಧಾಟಿ. ಇಷ್ಟು ಜನ ಇಷ್ಟು ವರ್ಷದಿಂದ ನಂಬಿಕೊಂಡು ಬಂದ ಈ ಮಾತು ತಪ್ಪು. ಅದನ್ನು ನಂಬಿದವರ ಗಾಡಿಗಳು ಹೆದ್ದಾರಿಯ ಅಂಚಿನಲ್ಲಿ ಬಾನೆಟ್ ಎತ್ತಿ ನಿಂತಿರುವುದನ್ನು ನೋಡಿ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಬೇಡವೆನ್ನುವ ಪಕ್ಷದವನು ನಾನಲ್ಲ. ಸರಿಯಾಗಿ ಕೂರಿಸಿದ ಮಾಡ್ಯೂಲ್ ಹಳೆಯ ಎಂಜಿನ್ನಿಗೆ ಒಳ್ಳೆಯದನ್ನೇ ಮಾಡುತ್ತದೆ. ನನ್ನ ತಕರಾರು ಇರುವುದು ಆ “ಎರಡೇ” ಎಂಬ ಮಾತಿನ ಹಿಂದಿನ ನಂಬಿಕೆಯ ಮೇಲೆ: ನಲವತ್ತು ವರ್ಷ ಹಳೆಯ ವೈರಿಂಗ್‌ನ ತುದಿಗೆ ಹೊಸ ಎಲೆಕ್ಟ್ರಾನಿಕ್ಸ್ ಕಟ್ಟಿದರೆ ಕೆಲಸ ಮುಗಿಯಿತು, ಬ್ಯಾಟರಿಯಿಂದ ಕಾಯಿಲ್‌ವರೆಗಿನ ದಾರಿಯನ್ನು ಮುಟ್ಟುವುದೇ ಬೇಕಿಲ್ಲ ಎಂಬ ನಂಬಿಕೆ. ತೊಂದರೆಯೆಲ್ಲ ಹುಟ್ಟುವುದು ಆ ದಾರಿಯಲ್ಲಿ. ಮಾಡ್ಯೂಲ್ ಸತ್ತಾಗ ಬೈಗುಳ ತಿನ್ನುವುದು ಕಿಟ್, ಅದಕ್ಕೂ ಮೊದಲು ಬೈಗುಳ ತಿನ್ನುತ್ತಿದ್ದದ್ದು ಪಾಯಿಂಟ್. ಎರಡು ಸಲವೂ ನಿಜವಾದ ತಪ್ಪಿತಸ್ಥ ವೈರಿಂಗ್ ತಪ್ಪಿಸಿಕೊಳ್ಳುತ್ತದೆ.

ಈ ಮಾತು ಯಾಕೆ ಮುಖ್ಯ ಎಂದು ತಿಳಿಯಲು ಗಾಡಿಯ ಹಿನ್ನೆಲೆ ನೋಡಬೇಕು. ಪದ್ಮಿನಿ ಎಲ್ಲಿಂದಲೋ ಬಂದ ಕಾರಲ್ಲ. 1930ರ ದಶಕದಲ್ಲಿ ಈ ದೇಶದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಬರೆದು, ಹೊರದೇಶ ಸುತ್ತಿ, ಸರ್ಕಾರದ ಬಾಗಿಲು ತಟ್ಟಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಬ್ರಿಟಿಷ್ ಸರ್ಕಾರ ಬೆನ್ನು ತಟ್ಟಲಿಲ್ಲ. ಅವರ ಜೊತೆ ನಿಂತಿದ್ದ ಉದ್ಯಮಿ ವಾಲಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಆ ಕಾರ್ಖಾನೆಯಲ್ಲಿ 1964ರಿಂದ ತಯಾರಾದ ಫಿಯೆಟ್ 1100 ಡಿಲೈಟ್‌ಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಹನ್ನೆರಡು ವೋಲ್ಟ್ ಬ್ಯಾಟರಿ, ಒಂದು ಕಾಯಿಲ್, ಒಂದು ಡಿಸ್ಟ್ರಿಬ್ಯೂಟರ್. ಆ ಡಿಸ್ಟ್ರಿಬ್ಯೂಟರನ್ನು ನಮ್ಮ ಮೆಕ್ಯಾನಿಕ್‌ಗಳು ಇವತ್ತಿಗೂ ಡೆಲ್ಕೊ ಎಂದೇ ಕರೆಯುತ್ತಾರೆ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಈ ಕಾರುಗಳು ದಶಕಗಟ್ಟಲೆ ಹಗಲು ರಾತ್ರಿ ಓಡಿದವು. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾಗಿತ್ತು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆ ಬಿಟ್ಟಿತು. ಈಗ ಉಳಿದಿರುವುದು ಖಾಸಗಿಯವರು ಮಮತೆಯಿಂದ ಇಟ್ಟುಕೊಂಡ ಕಾರುಗಳು ಮಾತ್ರ. ಒಂದು ಕಾರಿನ ವೈರಿಂಗ್ ಸುಟ್ಟು ಹೋದರೆ ಆ ಸಂಖ್ಯೆಯಲ್ಲಿ ಒಂದು ಕಡಿಮೆಯಾಯಿತು ಎಂದೇ ಲೆಕ್ಕ.

ಆ ಟ್ಯಾಕ್ಸಿಗಳ ನೆನಪಿನಿಂದಲೇ ವಾದ ಶುರು ಮಾಡಬಹುದು. ಪಾಯಿಂಟ್ ಎಂದರೆ ಓಬೀರಾಯನ ಕಾಲದ್ದು, ಅದನ್ನು ನಂಬಿ ದಾರಿಗಿಳಿಯಲಾಗದು ಎನ್ನುವವರು ಆ ಟ್ಯಾಕ್ಸಿಗಳು ಯಾವುದರ ಮೇಲೆ ಓಡಿದವು ಎಂದು ಒಮ್ಮೆ ಯೋಚಿಸಲಿ. ಜುಲೈ ತಿಂಗಳ ನೀರು ತುಂಬಿದ ಪರೇಲ್, ಸಯಾನ್ ರಸ್ತೆಗಳಲ್ಲಿ, ದಿನಕ್ಕೆರಡು ಪಾಳಿಯಲ್ಲಿ, ಪಾಯಿಂಟ್ ಮೇಲೇ ಓಡಿದವು. ಮುಂದೆ ಅವುಗಳಿಗೆ ಸಿಎನ್‌ಜಿ ಬಂತು. ಪೆಟ್ರೋಲಿನ ಮಿಶ್ರಣಕ್ಕಿಂತ ಸಿಎನ್‌ಜಿ ಮಿಶ್ರಣಕ್ಕೆ ಕಿಡಿ ಹಾರಿಸಲು ಹೆಚ್ಚಿನ ವೋಲ್ಟೇಜ್ ಬೇಕು. ಇಗ್ನಿಷನ್‌ನಲ್ಲಿ ಎಲ್ಲೇ ಸಣ್ಣ ಬಲಹೀನತೆ ಇದ್ದರೂ ಗ್ಯಾಸಿನ ಮೇಲೆ ಎಂಜಿನ್ ಜರ್ಕ್ ಹೊಡೆದು ಹೇಳಿಬಿಡುತ್ತದೆ. ಹಾಗಿದ್ದೂ ಅವು ಓಡಿದ್ದು ಹೇಗೆ? ಚಾಲಕರಿಗೆ ತಮ್ಮ ಗಾಡಿಯ ಪ್ರತಿಯೊಂದು ಜಾಯಿಂಟ್ ಗೊತ್ತಿತ್ತು, ವಾರಕ್ಕೊಮ್ಮೆ ಅಲ್ಲಿ ಕೈಯಾಡುತ್ತಿತ್ತು. ಆ ಆರೈಕೆ ನಿಂತುಹೋದ ಕಾರಿಗೆ ಪಾಯಿಂಟ್ ಇದ್ದರೂ ಒಂದೇ, ಮಾಡ್ಯೂಲ್ ಇದ್ದರೂ ಒಂದೇ.

ಪಾಯಿಂಟ್ ಮಾಡುವ ಕೆಲಸ ಇಷ್ಟೇ. ಅದು ಮುಚ್ಚಿದ್ದಾಗ ಬ್ಯಾಟರಿಯ ಕರೆಂಟು ಕಾಯಿಲ್‌ನ ಮೊದಲ ಸುತ್ತಿನಲ್ಲಿ ಹರಿದು ಕಾಂತಶಕ್ತಿ ತುಂಬಿಕೊಳ್ಳುತ್ತದೆ. ಕ್ಯಾಮ್ ತಿರುಗಿ ಪಾಯಿಂಟ್ ತೆರೆದ ಗಳಿಗೆಯಲ್ಲಿ ಆ ಶಕ್ತಿ ಕುಸಿದು, ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಆಗಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್‌ನ ಬಾಯಿ ಸುಡದಂತೆ ಕಂಡೆನ್ಸರ್ ಕಾಯುತ್ತದೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ವ್ಯವಸ್ಥೆ 1912ರ ಕ್ಯಾಡಿಲ್ಯಾಕ್‌ನಿಂದ ಆರಂಭವಾಗಿ 1970ರ ದಶಕದವರೆಗೂ ಲೋಕದ ಬಹುಪಾಲು ಪೆಟ್ರೋಲ್ ಕಾರುಗಳನ್ನು ಓಡಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪಾಯಿಂಟ್ ಬರೀ ಒಂದು ಸ್ವಿಚ್. ಹದಿನಾಲ್ಕು ವೋಲ್ಟ್ ಕೊಟ್ಟರೂ ತೆರೆದು ಮುಚ್ಚುತ್ತದೆ, ಏಳು ವೋಲ್ಟ್ ಕೊಟ್ಟರೂ ತೆರೆದು ಮುಚ್ಚುತ್ತದೆ. ಕಿಡಿ ಸೊರಗಬಹುದು, ಆದರೆ ಸ್ವಿಚ್ಚಿನ ಕೆಲಸ ನಿಲ್ಲುವುದಿಲ್ಲ. ಮಾಡ್ಯೂಲ್ ಹಾಗಲ್ಲ. ಅದರೊಳಗಿನ ಸೆನ್ಸರ್ ಮತ್ತು ಟ್ರಾನ್ಸಿಸ್ಟರ್‌ಗೆ ತಾವು ಬದುಕಿರಲು ಬೇಕಾದ ಕನಿಷ್ಠ ವೋಲ್ಟೇಜ್ ಸಿಗಬೇಕು. ಎಂಟು ವೋಲ್ಟ್ ಆಸುಪಾಸಿಗೆ ಇಳಿದರೆ ಹಲವು ಮಾಡ್ಯೂಲ್‌ಗಳು ತಡವರಿಸುತ್ತವೆ, ಇನ್ನೂ ಇಳಿದರೆ ಸುಮ್ಮನಾಗುತ್ತವೆ. ಹಳೆಯ ವೈರಿಂಗ್‌ನ ಬಡತನವನ್ನು ಪಾಯಿಂಟ್ ಸಹಿಸಿಕೊಂಡಿತ್ತು. ಸಹಿಸಿಕೊಳ್ಳುತ್ತಿದ್ದದ್ದನ್ನು ಕಿತ್ತು, ಸಹಿಸದ್ದನ್ನು ತಂದು, ಅದೇ ವೈರಿಗೆ ಕಟ್ಟುವುದೇ ಈ ಹತ್ತು ನಿಮಿಷದ ಕೆಲಸ.

ಆ ವೈರ್ ಹೋಗುವ ದಾರಿ ನೋಡಿ. ಬ್ಯಾಟರಿಯಿಂದ ಹೊರಟು, ಡ್ಯಾಶ್‌ಬೋರ್ಡ್ ಹಿಂದಿನ ಇಗ್ನಿಷನ್ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಮತ್ತೆ ಎಂಜಿನ್ ಕಡೆಗೆ ಬಂದು ಕಾಯಿಲ್ ಸೇರುತ್ತದೆ. ನಡುವೆ ಎಷ್ಟೋ ಟರ್ಮಿನಲ್, ಎಷ್ಟೋ ಕೈ ಬದಲಾದ ಜಾಯಿಂಟ್. ಒಬ್ಬ ಮಾಲೀಕ ಟೇಪ್‌ರೆಕಾರ್ಡರ್ ಹಾಕಿಸಿದಾಗ ಸಿಪ್ಪೆ ಸುಲಿದು ತಿರುಚಿದ ಗಂಟು, ಇನ್ನೊಬ್ಬ ರಿವರ್ಸ್ ಹಾರ್ನ್ ಹಾಕಿಸಿದಾಗ ಸುತ್ತಿದ ಕಪ್ಪು ಟೇಪ್. ಆ ಟೇಪಿನ ಅಂಟು ಕರಗಿ, ತಾಮ್ರ ಹಸಿರುಗಟ್ಟಿದೆ. ಕಾಮೋಠೆ ಪನವೇಲ್ ಖಾಡಿಯ ಬದಿಯಲ್ಲಿರುವ ಊರು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಸ್ಟಿಲ್ಟ್ ಪಾರ್ಕಿಂಗ್‌ನ ಆರದ ತೇವ. ಇಲ್ಲಿ ತಾಮ್ರ ಬೇಗ ಸಾಯುತ್ತದೆ.

ಲೆಕ್ಕ ಸುಲಭ. ಮೂರು ಓಮ್ ರೋಧದ ಮಾಮೂಲಿ ಕಾಯಿಲ್ ಹನ್ನೆರಡು ವೋಲ್ಟ್‌ನಲ್ಲಿ ಸುಮಾರು ನಾಲ್ಕು ಆಂಪಿಯರ್ ಎಳೆಯುತ್ತದೆ. ಒಂದು ಕೊಳೆತ ಜಾಯಿಂಟ್‌ನಲ್ಲಿ ಓಮ್‌ನ ಹತ್ತನೇ ಒಂದು ಭಾಗದಷ್ಟು ರೋಧ ಇದ್ದರೂ ಅಲ್ಲಿ 0.4 ವೋಲ್ಟ್ ಸೋರಿತು. ಅಂಥವು ಐದಿದ್ದರೆ ಎರಡು ವೋಲ್ಟ್ ಹತ್ತಿರ ಹೋಯಿತು. ಬೆಳಿಗ್ಗೆ ತಣ್ಣನೆಯ ಎಂಜಿನ್ನಿಗೆ ಸೆಲ್ಫ್ ಹೊಡೆದಾಗ ಬ್ಯಾಟರಿಯೇ ಹತ್ತು ವೋಲ್ಟಿಗೆ ಕುಸಿದಿರುತ್ತದೆ. ಹತ್ತರಲ್ಲಿ ಎರಡು ಕಳೆಯಿರಿ. ಮಾಡ್ಯೂಲ್ ತಡವರಿಸುವ ಗೆರೆಯ ಮೇಲೇ ನಿಂತಿದ್ದೀರಿ. “ಸೆಲ್ಫ್ ಹೊಡೆದಷ್ಟು ಹೊತ್ತು ಹತ್ತಲ್ಲ, ಕೀ ಬಿಟ್ಟ ಕೂಡಲೇ ಹತ್ತುತ್ತೆ” ಎಂಬ ದೂರನ್ನು ಎಷ್ಟು ಬಾರಿ ಕೇಳಿದ್ದೇನೆ! ಇದಕ್ಕೆ ಮಾಡ್ಯೂಲ್ ಬದಲಿಸುತ್ತಾರೆ, ಕಾಯಿಲ್ ಬದಲಿಸುತ್ತಾರೆ, ಕಾರ್ಬ್ಯುರೇಟರ್ ಬಿಚ್ಚುತ್ತಾರೆ. ಸೆಲ್ಫ್ ಹೊಡೆಯುವಾಗ ಕಾಯಿಲ್‌ನ ಪ್ಲಸ್ ತುದಿಯಲ್ಲಿ ಎಷ್ಟು ವೋಲ್ಟ್ ಇದೆ ಎಂದು ಮೀಟರ್ ಇಟ್ಟು ನೋಡುವವರಿಲ್ಲ.

ಇನ್ನು ಬ್ಯಾಲಸ್ಟ್ ರೆಸಿಸ್ಟರ್. ಕೆಲವು ಗಾಡಿಗಳಲ್ಲಿ ಕಾಯಿಲ್‌ಗೆ ಮೊದಲು ಪಿಂಗಾಣಿಯ ಒಂದು ರೆಸಿಸ್ಟರ್ ಇರುತ್ತದೆ, ಇಲ್ಲವೇ ವೈರಿನ ರೂಪದಲ್ಲೇ ಹಾರ್ನೆಸ್ ಒಳಗೆ ಅಡಗಿರುತ್ತದೆ. ಅಂಥ ಗಾಡಿಯ ಕಾಯಿಲ್ ಮೂರು ಓಮ್‌ನದ್ದಲ್ಲ, ಒಂದೂವರೆ ಓಮ್‌ನದ್ದು. ಓಡುವಾಗ ರೆಸಿಸ್ಟರ್ ಒಂದೂವರೆ, ಕಾಯಿಲ್ ಒಂದೂವರೆ ಸೇರಿ ಲೆಕ್ಕ ಸರಿಹೋಗುತ್ತದೆ. ಸೆಲ್ಫ್ ಹೊಡೆಯುವಾಗ ರೆಸಿಸ್ಟರನ್ನು ಬದಿಗಿಟ್ಟು ನೇರ ಕರೆಂಟು ಕೊಡುವ ಏರ್ಪಾಡು ಇರುತ್ತದೆ. ಈಗ ಎರಡು ವೈರಿನ ಪಂಡಿತರು ಮಾಡ್ಯೂಲ್‌ನ ಕೆಂಪು ವೈರನ್ನು ಕಾಯಿಲ್‌ನ ಪ್ಲಸ್‌ಗೆ ಕಟ್ಟುತ್ತಾರೆ, ಅಂದರೆ ರೆಸಿಸ್ಟರ್ ದಾಟಿದ ಮೇಲೆ. ಅಲ್ಲಿ ಕರೆಂಟು ಹರಿಯುವಾಗ ಸಿಗುವುದು ಹೆಚ್ಚುಕಡಿಮೆ ಏಳು ವೋಲ್ಟ್. ಮಾಡ್ಯೂಲ್ ಅರೆಹೊಟ್ಟೆಯಲ್ಲಿ ದುಡಿಯುತ್ತದೆ. ಕೆಂಪು ವೈರ್ ಹೋಗಬೇಕಾದದ್ದು ರೆಸಿಸ್ಟರ್‌ಗೂ ಮೊದಲಿನ ಜಾಗಕ್ಕೆ. ಕೆಲವರು ಇನ್ನೂ ಜಾಣತನ ಮಾಡಿ ರೆಸಿಸ್ಟರನ್ನೇ ಕಿತ್ತು ನೇರ ಕಟ್ಟಿ, ಹಳೆಯ ಒಂದೂವರೆ ಓಮ್ ಕಾಯಿಲನ್ನು ಹಾಗೇ ಬಿಡುತ್ತಾರೆ. ಆಗ ಕರೆಂಟು ಎರಡರಷ್ಟು, ಕಾಯಿಲ್‌ನ ಬಿಸಿ ನಾಲ್ಕರಷ್ಟು. ಆ ಎಂಟು-ಒಂಬತ್ತು ಆಂಪಿಯರ್ ಮಾಡ್ಯೂಲ್‌ನ ಹೊಟ್ಟೆಯೊಳಗೂ ಹರಿಯುತ್ತದೆ. ತಿಂಗಳೊಳಗೆ ಸತ್ತರೆ “ಡೂಪ್ಲಿಕೇಟ್ ಮಾಲು” ಎಂಬ ತೀರ್ಪು. ಕಾಯಿಲ್‌ನ ರೋಧ ಅಳೆಯದೆ ಕಿಟ್ ಕೂರಿಸುವುದು ರಕ್ತದ ಗುಂಪು ನೋಡದೆ ರಕ್ತ ಏರಿಸಿದಂತೆ.

ಅರ್ಥಿಂಗ್ ಬಗ್ಗೆಯಂತೂ ಯಾರೂ ಮಾತಾಡುವುದಿಲ್ಲ. ಹಲವು ಕಿಟ್‌ಗಳಿಗೆ ಮೂರನೆಯ ವೈರ್ ಇರುವುದಿಲ್ಲ ನಿಜ. ಡಿಸ್ಟ್ರಿಬ್ಯೂಟರ್‌ನ ತಳದ ತಟ್ಟೆಯೇ ಅದರ ಅರ್ಥ್. ವ್ಯಾಕ್ಯೂಮ್ ಅಡ್ವಾನ್ಸ್ ಇರುವ ಡಿಸ್ಟ್ರಿಬ್ಯೂಟರ್‌ನಲ್ಲಿ ಆ ತಟ್ಟೆ ಹಿಂದೆ ಮುಂದೆ ಅಲುಗುತ್ತದೆ. ತಟ್ಟೆಗೂ ದೇಹಕ್ಕೂ ನಡುವೆ ಬಟ್ಟೆ ಹೊದಿಸಿದ ಒಂದು ಎಳೆವೈರ್ ಇರುತ್ತದೆ. ದಶಕಗಳಿಂದ ಅಲುಗಿ ಅಲುಗಿ ಆ ಎಳೆಗಳು ಹೊದಿಕೆಯೊಳಗೇ ತುಂಡಾಗಿರುತ್ತವೆ. ಗಾಡಿ ನಿಂತಿದ್ದಾಗ ತಾಗಿಕೊಂಡಿರುತ್ತವೆ, ಆಕ್ಸಿಲರೇಟರ್ ಒತ್ತಿದಾಗ ಬಿಟ್ಟುಹೋಗುತ್ತವೆ. ಗ್ಯಾರೇಜಿನಲ್ಲಿ ಚೆನ್ನಾಗಿದ್ದದ್ದು ಖಾರ್‌ಘರ್ ದಾಟುವಾಗ ಮಿಸ್ ಹೊಡೆಯುವುದಕ್ಕೆ ಇದೊಂದೇ ಸಾಕು. ಎಂಜಿನ್‌ನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಹೋಗುವ ಜಡೆಪಟ್ಟಿಯ ಕಥೆಯೂ ಇದೇ. ಬಣ್ಣ ಬಳಿದು ಹೊಳೆಯುವಂತೆ ಮಾಡಿದ ಕಾರಿನಲ್ಲಿ ಅರ್ಥ್ ಬೋಲ್ಟ್‌ನ ಕೆಳಗೂ ಬಣ್ಣ ಕೂತಿರುತ್ತದೆ. ರಿಸ್ಟೋರೇಶನ್ ಆದ ಗಾಡಿಗಳಲ್ಲೇ ಈ ರೋಗ ಹೆಚ್ಚು.

ಮೈಲೇಜ್ ಹೆಚ್ಚುತ್ತದೆ, ಪಿಕಪ್ ಹೆಚ್ಚುತ್ತದೆ ಎನ್ನುವ ಆಸೆ ತೋರಿಸುವುದು ಇನ್ನೊಂದು. ನಾಲ್ಕು ಸಾವಿರ ಆರ್‌ಪಿಎಂನಲ್ಲಿ ಈ ಎಂಜಿನ್ನಿಗೆ ಬೇಕಾದದ್ದು ಸೆಕೆಂಡಿಗೆ 133 ಕಿಡಿ. ನೆಟ್ಟಗಿರುವ ಪಾಯಿಂಟ್ ಅಷ್ಟನ್ನು ಆರಾಮವಾಗಿ ಕೊಡುತ್ತದೆ. ಮಿಶ್ರಣ ಹತ್ತಿಕೊಂಡ ಮೇಲೆ ಕಿಡಿ ಎಷ್ಟು ದಪ್ಪವಿದ್ದರೂ ಪೆಟ್ರೋಲು ಹೆಚ್ಚಿಗೆ ಉರಿಯುವುದಿಲ್ಲ. ಕಿಟ್ ಹಾಕಿದ ದಿನ ಗಾಡಿ ಹಗುರವಾಗಿ ಓಡಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಪಾಯಿಂಟ್‌ನ ಹಿಮ್ಮಡಿ ಸವೆದು ಗ್ಯಾಪ್ ಕಡಿಮೆಯಾಗಿ ಟೈಮಿಂಗ್ ಹಿಂದೆ ಬಿದ್ದಿತ್ತು. ಕಿಟ್ ಹಾಕುವಾಗ ಟೈಮಿಂಗ್ ಮತ್ತೆ ಹೊಂದಿಸಿದರು, ಅದರಿಂದ ಹಗುರವಾಯಿತು. ಅದೇ ಕೆಲಸವನ್ನು ಫೀಲರ್ ಗೇಜ್ ಮತ್ತು ಟೈಮಿಂಗ್ ಲೈಟ್ ಹಿಡಿದು ಪಾಯಿಂಟ್ ಇದ್ದಾಗಲೇ ಮಾಡಬಹುದಿತ್ತು. ಕಿಟ್ ಹಾಕಿಯೂ ಟೈಮಿಂಗ್ ಮುಟ್ಟದೆ ಕಳಿಸುವವರೂ ಇದ್ದಾರೆ. ಪಾಯಿಂಟ್ ತೆರೆಯುತ್ತಿದ್ದ ಕೋನವೂ ಸೆನ್ಸರ್ ಕಿಡಿ ಕೊಡುವ ಕೋನವೂ ಒಂದೇ ಆಗಿರಬೇಕೆಂದಿಲ್ಲ. ಆ ಗಾಡಿ ಖಂಡಾಲಾ ಘಾಟಿಯಲ್ಲಿ ನಾಕಿಂಗ್ ಹೊಡೆಯುತ್ತಲೋ ಕುದಿಯುತ್ತಲೋ ಹತ್ತುತ್ತದೆ.

ಎದುರುಪಕ್ಷದಲ್ಲಿ ಒಂದು ಸತ್ಯವಿದೆ, ಅದನ್ನು ಮುಚ್ಚಿಡಲಾರೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಪಾಯಿಂಟ್ ಮತ್ತು ಕಂಡೆನ್ಸರ್‌ಗಳಲ್ಲಿ ಬಹಳಷ್ಟು ಕಳಪೆ. ಹಿಮ್ಮಡಿಯ ಫೈಬರ್ ಮೃದು, ಬೇಗ ಸವೆಯುತ್ತದೆ. ಹೊಸ ಕಂಡೆನ್ಸರ್ ಬಿಸಿಯಾದ ಕೂಡಲೇ ಕೈಕೊಡುತ್ತದೆ. ಲೂಕಸ್-ಟಿವಿಎಸ್‌ನ ಹಳೆಯ ಸ್ಟಾಕ್ ಸಿಕ್ಕವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಡಿಸ್ಟ್ರಿಬ್ಯೂಟರ್‌ನ ಬುಷ್ ಸವೆದು ಶಾಫ್ಟ್ ಆಡುತ್ತಿದ್ದರೆ ಪಾಯಿಂಟ್ ಗ್ಯಾಪ್ ಒಂದೇ ಸಮ ನಿಲ್ಲುವುದೇ ಇಲ್ಲ. ಮಾಡ್ಯೂಲ್ ಆ ಆಟವನ್ನು ಸ್ವಲ್ಪ ತಾಳಿಕೊಳ್ಳುತ್ತದೆ. ಈ ಕಾರಣಗಳಿಗಾಗಿ ಕಿಟ್ ಹಾಕಿಸಿದರೆ ನನ್ನ ಪೂರ್ಣ ಒಪ್ಪಿಗೆ ಇದೆ. ಮೂಲರೂಪ ಕೆಟ್ಟಿತು ಎಂದು ಕೂಗುವವರ ಜೊತೆ ನಾನು ನಿಲ್ಲುವುದಿಲ್ಲ. 2021ರ ವಿಂಟೇಜ್ ವಾಹನ ನಿಯಮ ಐವತ್ತು ವರ್ಷ ದಾಟಿದ ಗಾಡಿಯ ಚಾಸಿಸ್, ಬಾಡಿ, ಎಂಜಿನ್ ಬದಲಾಗಬಾರದೆನ್ನುತ್ತದೆ. ಕ್ಯಾಪ್ ಕೆಳಗೆ ಅಡಗಿ ಕೂರುವ, ಬೇಕೆಂದಾಗ ಎರಡು ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಮಾಡ್ಯೂಲ್ ಅವುಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ “ಹಾಕಿ ಮರೆತುಬಿಡಿ” ಎನ್ನುವುದನ್ನು ಒಪ್ಪಲಾರೆ. ಪಾಯಿಂಟ್ ಸಾಯುವ ಮೊದಲು ವಾರಗಟ್ಟಲೆ ನರಳುತ್ತದೆ, ಸೂಚನೆ ಕೊಡುತ್ತದೆ, ದಾರಿಯಲ್ಲಿ ನಿಂತರೂ ನುಣುಪು ಪಾಲಿಶ್ ಕಾಗದದಿಂದ ಉಜ್ಜಿದರೆ ಮನೆ ಮುಟ್ಟಿಸುತ್ತದೆ. ಮಾಡ್ಯೂಲ್ ಹಿಂದಿನ ಕ್ಷಣದವರೆಗೂ ಚೆನ್ನಾಗಿದ್ದು ಮುಂದಿನ ಕ್ಷಣ ಇಲ್ಲವಾಗುತ್ತದೆ. ಕಾಮೋಠೆಯವರಿಗೆ ಇದು ದೂರದ ಮಾತಲ್ಲ. ಮನೆಯಿಂದ ಹೊರಬಿದ್ದರೆ ಸಯಾನ್-ಪನವೇಲ್ ಹೆದ್ದಾರಿ, ಪಕ್ಕದ ಕಳಂಬೋಲಿಯಿಂದಲೇ ಪುಣೆ ಎಕ್ಸ್‌ಪ್ರೆಸ್‌ವೇ, ಆ ಕಡೆ 2024ರ ಜನವರಿಯಲ್ಲಿ ತೆರೆದ, 21.8 ಕಿಲೋಮೀಟರ್ ಉದ್ದದ ಅಟಲ್ ಸೇತು. ಸಮುದ್ರದ ನಡುವೆ, ನಿಲ್ಲಲು ಬಿಡದ ಸೇತುವೆಯ ಮೇಲೆ, ಹಿಂದಿನಿಂದ ನೂರರ ವೇಗದಲ್ಲಿ ಬರುವ ಗಾಡಿಗಳ ಎದುರು ಎಂಜಿನ್ ಏಕಾಏಕಿ ಆರಿಹೋದರೆ ಅದು ಪ್ರಾಣದ ಪ್ರಶ್ನೆ. ಅದಕ್ಕೇ ಹೇಳುತ್ತೇನೆ: ಕಿತ್ತ ಪಾಯಿಂಟನ್ನು ಬಿಸಾಕಬೇಡಿ. ಗ್ಯಾಪ್ ಹೊಂದಿಸಿದ ಪಾಯಿಂಟ್, ಒಂದು ಒಳ್ಳೆಯ ಕಂಡೆನ್ಸರ್, ಒಂದು ಸ್ಕ್ರೂಡ್ರೈವರ್ ಡಿಕ್ಕಿಯಲ್ಲಿರಲಿ. ಊರಿಗೆಂದು ಕೊಲ್ಹಾಪುರ, ಬೆಳಗಾವಿ ದಾರಿ ಹಿಡಿದಾಗ ಈ ಪೊಟ್ಟಣ ಸ್ಟೆಪ್ನಿಯಷ್ಟೇ ಮುಖ್ಯ.

ಸರಿಯಾದ ಕೆಲಸಕ್ಕೆ ಎಷ್ಟು ಹೊತ್ತು ಬೇಕು? ಅರ್ಧ ದಿನ. ಬ್ಯಾಟರಿಯ ಪ್ಲಸ್‌ನಿಂದ ಹೊಸ ವೈರ್, ಎರಡೂವರೆ ಚದರ ಮಿಲಿಮೀಟರ್ ತಾಮ್ರ, ಬ್ಯಾಟರಿಯ ಹತ್ತಿರವೇ ಫ್ಯೂಸ್, ಅಲ್ಲಿಂದ ಒಂದು ರಿಲೇಯ 30ನೇ ಕಾಲಿಗೆ. 87ರಿಂದ ಮಾಡ್ಯೂಲ್ ಮತ್ತು ಕಾಯಿಲ್‌ಗೆ. ಹಳೆಯ ಇಗ್ನಿಷನ್ ವೈರ್ 86ಕ್ಕೆ, 85 ಅರ್ಥ್‌ಗೆ. ಅಷ್ಟು ಮಾಡಿದರೆ ಹಳೆಯ ಸ್ವಿಚ್ಚು ಹೊರುತ್ತಿದ್ದ ಭಾರ ಇಳಿಯಿತು, ರಿಲೇಯನ್ನು ಎಳೆಯುವಷ್ಟು ಕರೆಂಟು ಮಾತ್ರ ಅದರಲ್ಲಿ ಹರಿಯುತ್ತದೆ. ಬ್ಯಾಲಸ್ಟ್ ಇರುವ ಗಾಡಿಯಾದರೆ ಕಾಯಿಲ್‌ನ ದಾರಿಯಲ್ಲಿ ಅದು ಉಳಿಯಲಿ, ಇಲ್ಲವೇ ಮೂರು ಓಮ್ ಕಾಯಿಲ್ ತನ್ನಿ. ಬಹುಪಾಲು ಹಳೆಯ ಗಾಡಿಗಳಲ್ಲಿ ಇಗ್ನಿಷನ್ ದಾರಿಗೆ ಫ್ಯೂಸೇ ಇರಲಿಲ್ಲ ಎಂಬುದನ್ನು ನೆನೆದರೆ ಆ ಒಂದು ಫ್ಯೂಸಿನ ಬೆಲೆ ಅರ್ಥವಾಗುತ್ತದೆ. ತಿರುಚಿ ಟೇಪ್ ಸುತ್ತುವುದು ಬೇಡವೇ ಬೇಡ. ಲಗ್ ಹಾಕಿ ಒತ್ತಬೇಕು, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಬೇಕು. ಡಿಸ್ಟ್ರಿಬ್ಯೂಟರ್ ತಟ್ಟೆಯ ಎಳೆವೈರನ್ನು ಹೊಸದಾಗಿ ಹಾಕಬೇಕು. ಕ್ಯಾಪ್ ಮತ್ತು ರೋಟರ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಮಳೆಗಾಲದ ತೇವದಲ್ಲಿ ಕಿಡಿ ಅಲ್ಲೇ ಹಾದಿ ಹಿಡಿಯುತ್ತದೆ. ಹೊಸ ಕಾಯಿಲ್ ಬಲವಾದಷ್ಟೂ ಆ ಸೋರಿಕೆ ಹೆಚ್ಚು. ಪ್ಲಗ್ ವೈರ್‌ಗಳು ಕಿಟ್ ತಯಾರಕರು ಹೇಳಿದ ರೋಧವುಳ್ಳ ಬಗೆಯವೇ ಆಗಿರಲಿ, ಬರೀ ತಾಮ್ರದ ಹಳೆಯ ವೈರಿನ ವಿದ್ಯುತ್ ಗದ್ದಲ ಸೆನ್ಸರನ್ನು ದಿಕ್ಕೆಡಿಸುತ್ತದೆ. ಮತ್ತೊಂದು ಎಚ್ಚರ: ಎಂಜಿನ್ ಆರಿದಾಗ ಹಾಡು ಕೇಳಲೆಂದು ಇಗ್ನಿಷನ್ ಆನ್ ಬಿಡಬೇಡಿ. ಸರಳ ಮಾಡ್ಯೂಲ್‌ಗಳಲ್ಲಿ ಕಾಯಿಲ್ ಕರೆಂಟು ಹರಿಯುತ್ತಲೇ ಇದ್ದು ಎರಡೂ ಬೇಯುತ್ತವೆ. ಬ್ರಿಟಿಷ್ ಮೂಲದ ತೀರ ಹಳೆಯ ಗಾಡಿಯಾದರೆ ಬ್ಯಾಟರಿಯ ಪ್ಲಸ್ಸೇ ಬಾಡಿಗೆ ಕಟ್ಟಿರಬಹುದು. ಅದನ್ನು ನೋಡದೆ ಕಿಟ್ ಜೋಡಿಸಿ ಕೀ ತಿರುಗಿಸಿದರೆ ಮಾಡ್ಯೂಲ್ ಆ ಕ್ಷಣವೇ ಹೋಯಿತು.

ಮೆಕ್ಯಾನಿಕ್‌ಗಳನ್ನು ಮಾತ್ರ ದೂರುವುದು ಅನ್ಯಾಯ. ಕಳಂಬೋಲಿಯ ಟ್ರಕ್ ಟರ್ಮಿನಲ್ ಸುತ್ತ ಲಾರಿಗಳ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್‌ಗಳ ಕೈಚಳಕ ನೋಡಿದವರಿಗೆ ಗೊತ್ತು, ವಿದ್ಯೆಗೆ ಇಲ್ಲಿ ಬರವಿಲ್ಲ. ಬರ ಇರುವುದು ಅರ್ಧ ದಿನದ ಕೂಲಿ ಕೊಡುವ ಮಾಲೀಕರಿಗೆ. ಪೇಂಟಿಗೆ, ಸೀಟಿನ ಹೊದಿಕೆಗೆ, ಕ್ರೋಮ್ ಬಂಪರಿಗೆ ಕೇಳಿದಷ್ಟು ಕೊಡುವವರು ಡ್ಯಾಶ್‌ಬೋರ್ಡ್ ಹಿಂದೆ ಯಾರಿಗೂ ಕಾಣದ ವೈರಿಗೆ ಕಾಸು ಬಿಚ್ಚುವುದಿಲ್ಲ. ಹತ್ತು ನಿಮಿಷದ ಕೂಲಿ ಕೊಟ್ಟವರಿಗೆ ಹತ್ತು ನಿಮಿಷದ ಕೆಲಸವೇ ಸಿಗುತ್ತದೆ.

ಹಳೆಯ ಕಾರು ಇಟ್ಟುಕೊಂಡ ಗೆಳೆಯರಲ್ಲಿ ನನ್ನ ಕೋರಿಕೆ ಇದು. ಕಿಟ್ ಕೊಳ್ಳುವ ಮೊದಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಕೊಳ್ಳಿ. ಪಾಯಿಂಟ್ ಮುಚ್ಚಿ ಕಾಯಿಲ್‌ನಲ್ಲಿ ಕರೆಂಟು ಹರಿಯುತ್ತಿರುವಾಗ ಬ್ಯಾಟರಿ ಪ್ಲಸ್‌ನಿಂದ ಕಾಯಿಲ್ ಪ್ಲಸ್‌ವರೆಗೆ ಎಷ್ಟು ವೋಲ್ಟ್ ಸೋರುತ್ತಿದೆ ನೋಡಿ. ಬ್ಯಾಲಸ್ಟ್ ಇಲ್ಲದ ಗಾಡಿಯಲ್ಲಿ ಅದು ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಬ್ಯಾಲಸ್ಟ್ ಇದ್ದರೆ ಅದರ ಸ್ವಿಚ್ ಕಡೆಯ ತುದಿಯವರೆಗೆ ಮಾತ್ರ ಅಳೆಯಿರಿ. ಆಗಲೇ ಡಿಸ್ಟ್ರಿಬ್ಯೂಟರ್ ದೇಹದಿಂದ ಬ್ಯಾಟರಿ ಮೈನಸ್‌ವರೆಗೆ ಅಳೆದರೆ 0.2 ವೋಲ್ಟಿಗಿಂತ ಕಡಿಮೆ ಇರಬೇಕು. ಸೆಲ್ಫ್ ಹೊಡೆಯುವಾಗ ಮಾಡ್ಯೂಲ್‌ನ ಕೆಂಪು ವೈರ್ ಸೇರಬೇಕಾದ ಜಾಗದಲ್ಲಿ ಕನಿಷ್ಠ ಒಂಬತ್ತೂವರೆ ವೋಲ್ಟ್ ಸಿಗಬೇಕು. ಈ ಮೂರು ಅಂಕಿಗಳನ್ನು ಅಳೆದು ಕಾಗದದ ಮೇಲೆ ಬರೆದು ಕೊಡದವರ ಕೈಗೆ, ಅವರು ಎಷ್ಟೇ ಹೆಸರುವಾಸಿಯಾಗಿರಲಿ, ಈ ಮಳೆಗಾಲಕ್ಕೆ ಮುಂಚೆ ನಿಮ್ಮ ಕಾರಿನ ಕೀ ಕೊಡಬೇಡಿ.